ವಿಶ್ವಕ್ಕೆ ಎಲ್ಲೆಯುಂಟೆ?

ವಿಶ್ವದ ಅಂಚಿನಲ್ಲಿ ನಿಂತವನು ತನ್ನ ಕೈಯನ್ನು ಹೊರಕ್ಕೆ ಚಾಚಬಲ್ಲನೆ ಎಂದು ಗ್ರೀಕ್ ತತ್ತ್ವಜ್ಞನಾದ ಆರ್ಕಿಟಾಸನು ಕ್ರಿ. ಪೂ. ನಾಲ್ಕನೆಯ ಶತಮಾನದಲ್ಲಿ ಕೇಳಿದನೆಂದು ಪ್ರಸಿದ್ಧಿಯಿದೆ. ಚಾಚಬಲ್ಲನಾದರೆ ಅಲ್ಲಿಯೂ ತೆರಪುಂಟು. ತಡೆಯಿದ್ದರೆ ಆ ತಡೆಯೂ ಒಂದು ವಸ್ತುವೇ ಆಯಿತು. ಆದುದರಿಂದ ವಿಶ್ವವು ಅನಂತವೆಂಬುದು ಅವನ ವಾದ.

ಈ ವಾದದಲ್ಲಿ ಒಂದು ತೊಡಕುಂಟು. ಮಿತಿ ಬೇರೆ, ಅಂಚು ಬೇರೆ. ಭೂಮಿಯ ಮೈಯನ್ನೇ ನೋಡಿರಿ. ಅದರ ವಿಸ್ತಾರವು ಸುಮಾರು 51 ಕೋಟಿ ಚದರ ಕಿಲೋಮೀಟರು. ಆದರೂ ಅದರ ಮೇಲೆ ಎಷ್ಟು ದೂರ ಸಂಚರಿಸಿದವನಿಗೂ ಅಂಚೆಂಬುದು ಸಿಕ್ಕದು. ವಸ್ತುಗಳಿಗೆ ತಾವು ಕೊಡುವ ಆಕಾಶವೂ ಹಾಗೆಯೇ ಬಾಗಿ ತನ್ನಲ್ಲಿ ತಾನೇ ಕೂಡಿಕೊಂಡಿರಬಹುದೆಂದು 1917ರಲ್ಲಿ ಐನ್‌ಸ್ಟೈನರು ಗಣಿತಮುಖದಿಂದ ನಿರೂಪಿಸಿದರು. ಅಂತಹ ವಿಶ್ವದಲ್ಲಿ ಆರ್ಕಿಟಾಸನ ಕೈಗೆ ತಡೆಯೂ ಇಲ್ಲ, ಹೊರಗೆಂಬುದೂ ಇಲ್ಲ. ವಿಶ್ವವು ನಿಶ್ಚಲವೆಂಬ ಅವರ ಭಾವನೆಯು ಮಾತ್ರ ನಿಲ್ಲಲಿಲ್ಲ. ನಕ್ಷತ್ರಸಮೂಹಗಳು ದೂರವಿದ್ದಷ್ಟೂ ವೇಗದಿಂದ ನಮ್ಮಿಂದ ಸರಿಯುತ್ತಿರುವುವೆಂದು 1929ರಲ್ಲಿ ಹಬಲ್‌ರು ತೋರಿಸಿದರು.

ಆಕಾಶವು ಬಾಗಿರುವುದೋ ಇಲ್ಲವೋ ಎಂಬುದನ್ನು ತಿಳಿಯಲು ತ್ರಿಕೋನವೇ ಸಾಧನ. ಸಮತಲದ ತ್ರಿಕೋನದಲ್ಲಿ ಕೋನಗಳ ಮೊತ್ತವು 180 ಅಂಶ. ಉತ್ತರಧ್ರುವದಿಂದ ವಿಷುವದ್ವೃತ್ತಕ್ಕೆ ಇಳಿದು, ಅದರ ಗುಂಟ ಭೂಪರಿಧಿಯ ಕಾಲುಭಾಗ ಸಾಗಿ, ನೇರವಾಗಿ ಧ್ರುವಕ್ಕೆ ಮರಳಿದರೆ ಆ ಮೊತ್ತವು 270 ಅಂಶವಾಗುವುದು. ವಿಶ್ವಕ್ಕೆ ತಕ್ಕ ತ್ರಿಕೋನವನ್ನು ಒದಗಿಸಿದುದು 1965ರಲ್ಲಿ ಪ್ರಕಟವಾದ ಪುರಾತನ ವಿಕಿರಣದ ಶೋಧ. ವಿಶ್ವಕ್ಕೆ ಸುಮಾರು 3,80,000 ವರ್ಷ ವಯಸ್ಸಾಗಿದ್ದಾಗ ಹೊರಟ ಬೆಳಕು ಅದು. ಅದರಲ್ಲಿ ತೋರುವ ಬಿಸಿ ತಂಪಿನ ಮಚ್ಚೆಗಳ ನಿಜವಾದ ಗಾತ್ರವನ್ನೂ ದೂರವನ್ನೂ ಗಣಿತದಿಂದ ತಿಳಿಯಬಹುದು. ಆಕಾಶವು ಬಾಗಿರದಿದ್ದರೆ ಅವು ಸುಮಾರು ಒಂದು ಅಂಶದಷ್ಟು ಅಗಲವಾಗಿ ಕಾಣಬೇಕು. ಗೋಲದಂತೆ ಬಾಗಿದ್ದರೆ ಹಿರಿದಾಗಿ, ಕುದುರೆಯ ಜೀನಿನಂತೆ ಬಾಗಿದ್ದರೆ ಕಿರಿದಾಗಿ. 1998ರ ಕೊನೆಯಲ್ಲಿ ಅಂಟಾರ್ಕ್ಟಿಕದ ಮೇಲೆ ಬಲೂನಿನಲ್ಲಿ ಹಾರಿಸಿದ ಉಪಕರಣವು ಕಂಡುದು ಸುಮಾರು ಒಂದು ಅಂಶವನ್ನೇ. 2009ರಲ್ಲಿ ಯೂರೋಪಿನವರು ಹಾರಿಸಿದ ಪ್ಲಾಂಕ್ ನೌಕೆಯ ಅಳತೆಗಳನ್ನು ನಕ್ಷತ್ರಸಮೂಹಗಳ ಹಂಚಿಕೆಯೊಡನೆ ಕೂಡಿಸಿ ನೋಡಿದಾಗ, ಬಾಗು ಇದ್ದರೂ ಶೇಕಡಾ ಒಂದಕ್ಕಿಂತ ಕಡಿಮೆಯೆಂದು ಸಿದ್ಧವಾಯಿತು.

ಹಾಗಾದರೆ ವಿಶ್ವವು ಅನಂತವೆಂದು ತೀರ್ಮಾನವಾಯಿತೆ? ಆಗಲಿಲ್ಲ. ಗೋಲವು ಅತಿ ದೊಡ್ಡದಾಗಿದ್ದರೆ ಅದರ ಬಾಗು ನಮ್ಮ ಅಳತೆಗೆ ಸಿಕ್ಕದು. ದೊಡ್ಡ ಕೆರೆಯ ನೀರು ಕಣ್ಣಿಗೆ ಸಮತಲವಾಗಿಯೇ ತೋರುವುದಷ್ಟೆ. ಅಲ್ಲದೆ, ಕಾಗದವನ್ನು ಕೊಳವೆಯಾಗಿ ಸುತ್ತಿದರೂ ಅದರ ಮೇಲಿನ ತ್ರಿಕೋನವು ಕೆಡದು; ಅಂತೆಯೇ ಬಾಗಿಲ್ಲದ ಆಕಾಶವೂ ತನ್ನನ್ನು ತಾನೇ ಸುತ್ತಿಕೊಂಡು ಮಿತವಾಗಿರಬಹುದು. ಆ ಸುತ್ತು ಸಾಕಷ್ಟು ಚಿಕ್ಕದಾಗಿದ್ದರೆ ಪುರಾತನ ವಿಕಿರಣದಲ್ಲಿ ಒಂದನ್ನೊಂದು ಹೋಲುವ ವೃತ್ತಗಳು ಕಾಣಬೇಕು. ಹುಡುಕಿದವರಿಗೆ ಇದುವರೆಗೆ ಅವು ದೊರೆತಿಲ್ಲ. ನಾವು ಕಾಣಬಲ್ಲ ಭಾಗವಾದರೋ, ಬೆಳಕು ಬರುತ್ತಿರುವಾಗಲೇ ವಿಶ್ವವು ಹಿಗ್ಗಿದುದರಿಂದ, 1,380 ಕೋಟಿ ವರ್ಷಗಳ ವಯಸ್ಸಿಗೆ ಸುಮಾರು 4,600 ಕೋಟಿ ಜ್ಯೋತಿರ್ವರ್ಷಗಳಷ್ಟು ದೂರಕ್ಕೆ ಹಬ್ಬಿದೆ. ಅದು ನಮ್ಮ ದೃಷ್ಟಿಯ ಎಲ್ಲೆ, ವಿಶ್ವದ ಎಲ್ಲೆಯಲ್ಲ.

ವಿಶ್ವವು ಅನಂತವೆಂದು ಸಾರುವವರೂ ಮಿತವೆಂದು ಸಾರುವವರೂ ಅಳತೆಯನ್ನು ಮೀರಿ ನುಡಿಯುವವರೇ. ಮರ್ಯಾದೆಯೆಂಬ ಶಬ್ದಕ್ಕೆ ಎಲ್ಲೆಯೆಂದೇ ಮೂಲಾರ್ಥ. ಅಳತೆ ನಿಂತಲ್ಲಿ ಮಾತನ್ನೂ ನಿಲ್ಲಿಸುವುದು ಶಾಸ್ತ್ರದ ಮರ್ಯಾದೆ. ಅಳತೆಯನ್ನು ಮುಂದಕ್ಕೆ ಸರಿಸುತ್ತ ಹೋಗುವುದು ಅದರ ಕರ್ತವ್ಯ.