ಓಟಗಾರನ ಹೃದಯಕ್ಕೆ ಮೆಷಿನ್ ಕೊಟ್ಟ ಮಾರ್ಕ್ಸ್

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಕಾಲೇಜಿನಲ್ಲಿ ಆರೋಗ್ಯ ತಪಾಸಣಾ ಶಿಬಿರ ನಡೆಯಿತು. ಪುಕ್ಕಟೆ ಇಸಿಜಿ ಅಂದ ಮೇಲೆ ಕೇಳಬೇಕಾ, ಹಾಸ್ಟೆಲ್ಲಿನ ಅರ್ಧ ಜನ ಸಾಲಿನಲ್ಲಿದ್ದೆವು. ಎರಡನೇ ಮಹಡಿಗೂ ಲಿಫ್ಟ್ ಕಾಯುವ ನಮಗೆಲ್ಲ ‘ನಾರ್ಮಲ್’ ಅಂತ ಬಂತು. ದಿನಾ ಬೆಳಗ್ಗೆ ಐದಕ್ಕೆದ್ದು ಹನ್ನೆರಡು ಕಿಲೋಮೀಟರ್ ಓಡುವ ನಮ್ಮ ಗೆಳೆಯನ ಚೀಟಿಯಲ್ಲಿ ಮಾತ್ರ ಮೆಷಿನ್ ‘ಅಬ್‌ನಾರ್ಮಲ್’ ಅಂತ ಪ್ರಿಂಟ್ ಮಾಡಿತು. ಹೃದಯ ಬಡಿತ ನಿಮಿಷಕ್ಕೆ 44. ಜೊತೆಗೆ, ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗಿರಬಹುದು ಎಂಬ ಷರಾ. ಇಂಟರ್ ಕಾಲೇಜ್ ಮೀಟ್‌ಗೆ ಮೂರು ವಾರ ಇತ್ತು. ಅವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ, ಮನೆಗೂ ಹೇಳಲಿಲ್ಲ. ನಾವು ಮೂರ್ನಾಲ್ಕು ಜನ ಕೂತು ಓದಿದ್ದು, ಆಮೇಲೆ ಹೃದ್ರೋಗ ತಜ್ಞರು ಬಿಡಿಸಿ ಹೇಳಿದ್ದು, ಎರಡೂ ಸೇರಿ ಈ ಬರಹ.

ಮೊದಲು ಆ 44. ಸುಮ್ಮನೆ ಕೂತ ದೇಹಕ್ಕೆ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಬೇಕು. ಒಂದು ಬಡಿತಕ್ಕೆ 70 ಮಿ.ಲೀ. ತಳ್ಳುವ ಹೃದಯ 70 ಸಲ ಬಡಿದರೆ ಲೆಕ್ಕ ಸರಿಹೋಗುತ್ತದೆ. ವರ್ಷಗಟ್ಟಲೆ ಓಡಿದವನ ಹೃದಯ ಒಂದೇ ಬಡಿತಕ್ಕೆ 110 ಮಿ.ಲೀ. ತಳ್ಳಬಲ್ಲದು ಅಂದುಕೊಳ್ಳಿ, 45 ಬಡಿತ ಸಾಕು. ಪಂಪು ದೊಡ್ಡದು, ಆರ್‌ಪಿಎಂ ಕಡಿಮೆ, ಡಿಸ್ಚಾರ್ಜ್ ಅದೇ. ಬ್ರೇಕ್ ಹಾಕುವ ಕೆಲಸ ವೇಗಸ್ ನರದ್ದು. ಅದರ ಜೊತೆಗೆ, ಲಯ ಹುಟ್ಟಿಸುವ ಎಸ್‌ಎ ನೋಡ್ ತಾನೇ ನಿಧಾನವಾಗುತ್ತದೆ ಎನ್ನುವುದಕ್ಕೂ ಪುರಾವೆ ಸಿಕ್ಕಿದೆ.

ಇನ್ನು ದಪ್ಪದ ಮಾತು. ಕ್ರೀಡಾಪಟುಗಳ ಹೃದಯ ದೊಡ್ಡದಿರುತ್ತೆ ಅನ್ನೋದು ಹೊಸ ಸುದ್ದಿಯೇನಲ್ಲ. 1899ರಲ್ಲೇ ಸ್ವೀಡನ್ನಿನ ವೈದ್ಯ ಹೆನ್‌ಶೆನ್ ಸ್ಕೀ ಪಂದ್ಯದವರ ಎದೆಯನ್ನು ಬೆರಳಿನಿಂದ ತಟ್ಟಿ, ಸದ್ದಿನ ವ್ಯತ್ಯಾಸದಿಂದ ಹೃದಯದ ಅಂಚು ಗುರುತಿಸಿ ಇದನ್ನು ಬರೆದಿಟ್ಟಿದ್ದರು. (ಹಲಸಿನಹಣ್ಣು ತಟ್ಟಿ ನೋಡುವ ನಮ್ಮ ಅಜ್ಜಿಯರಿಗೆ ಈ ವಿದ್ಯೆ ಹೊಸದಲ್ಲ.) 1975ರಲ್ಲಿ ಅಮೆರಿಕದ ಮಾರ್ಗನ್‌ರಾತ್ ಮತ್ತು ಸಂಗಡಿಗರು ಎಕೋ ಯಂತ್ರದಲ್ಲಿ ಅಳೆದಾಗ ಇನ್ನೊಂದು ವಿಷಯ ಕಂಡಿತು: ಓಟಗಾರರು, ಈಜುಗಾರರಲ್ಲಿ ಹೃದಯದ ಕೋಣೆ ಹಿಗ್ಗಿತ್ತು, ಕುಸ್ತಿಯವರು, ಗುಂಡು ಎಸೆಯುವವರಲ್ಲಿ ಗೋಡೆ ದಪ್ಪಗಿತ್ತು.

ಮೆಕ್ಯಾನಿಕಲ್, ಸಿವಿಲ್‌ನವರು ಇಲ್ಲಿ ಸ್ವಲ್ಪ ನೆಟ್ಟಗೆ ಕೂರಬಹುದು. ತೆಳು ಗೋಡೆಯ ಗೋಳಾಕಾರದ ಪ್ರೆಷರ್ ವೆಸಲ್‌ನಲ್ಲಿ ಗೋಡೆಯ ಸ್ಟ್ರೆಸ್ ಎಷ್ಟು? ಒತ್ತಡ ಗುಣಿಸು ತ್ರಿಜ್ಯ, ಭಾಗಿಸು ದಪ್ಪದ ಎರಡರಷ್ಟು. ಹೃದಯವೂ ಸರಿಸುಮಾರು ಇದೇ ಲೆಕ್ಕ ಪಾಲಿಸುತ್ತದೆ. ಓಡುವಾಗ ಗಂಟೆಗಟ್ಟಲೆ ಹೆಚ್ಚು ರಕ್ತ ವಾಪಸ್ ಬಂದು ಕೋಣೆ ಹಿಗ್ಗುತ್ತದೆ, ತ್ರಿಜ್ಯ ಬೆಳೆಯುತ್ತದೆ. ಸ್ಟ್ರೆಸ್ ಹತೋಟಿಯಲ್ಲಿಡಲು ಗೋಡೆಯೂ ಅಷ್ಟಿಷ್ಟು ದಪ್ಪವಾಗುತ್ತದೆ. ಭಾರ ಎತ್ತುವವರಲ್ಲಿ ಏರುವುದು ಒತ್ತಡ. ಬಲವಾಗಿ ಲೆಗ್ ಪ್ರೆಸ್ ಮಾಡುವಾಗ ಬಿ.ಪಿ. 300 ದಾಟಿದ್ದನ್ನು 1985ರಲ್ಲಿ ಅಳೆದಿದ್ದಾರೆ! ಆದರೆ ಎರಡು ಡಬ್ಬಿಗಳ ಈ ವಿಂಗಡಣೆ ಪಾಠದಲ್ಲಿರುವಷ್ಟು ನೀಟಾಗಿಲ್ಲ. ದೋಣಿ ಹುಟ್ಟು ಹಾಕುವವರು, ಸೈಕ್ಲಿಸ್ಟ್‌ಗಳಲ್ಲಿ ಎರಡೂ ಲೋಡ್ ಒಟ್ಟಿಗೆ ಬೀಳುತ್ತದೆ.

ಹೆದರಿಕೆ ಹುಟ್ಟುವುದು ಎಲ್ಲಿ ಅಂದರೆ, ಯಾವ ಲೋಡೂ ಇಲ್ಲದೆ ಗೋಡೆ ದಪ್ಪವಾಗುವ ಒಂದು ಕಾಯಿಲೆ ಇದೆ. ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ. ಅದು ವಂಶದಲ್ಲಿ ಬರುವಂಥದ್ದು, ಆಟದ ನಡುವೆ ಜೀವ ತೆಗೆಯಬಲ್ಲದು. 2003ರಲ್ಲಿ ಫ್ರಾನ್ಸಿನಲ್ಲಿ ಪಂದ್ಯ ಆಡುತ್ತಲೇ ಕುಸಿದು ತೀರಿಹೋದ ಕ್ಯಾಮರೂನಿನ ಮಾರ್ಕ್ ವಿವಿಯನ್ ಫೋಗೆ ಇದ್ದದ್ದು ಇದೇ. ಹಾಗಾದರೆ ಬರೀ ದಪ್ಪ ನೋಡಿ ಯಾವುದು ಯಾವುದೆಂದು ಹೇಳುವುದು ಹೇಗೆ? ಇಟಲಿಯಲ್ಲಿ 947 ಉನ್ನತ ಮಟ್ಟದ ಕ್ರೀಡಾಪಟುಗಳನ್ನು ಅಳೆದು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ಮಿ.ಮೀ. ಅಥವಾ ಹೆಚ್ಚು ದಪ್ಪ ಇದ್ದವರು ಬರೀ 16 ಮಂದಿ. ಅಂದರೆ ತರಬೇತಿಯಿಂದ ಅಷ್ಟು ದಪ್ಪವಾಗುವುದು ಅಪರೂಪ, ಆದರೆ ಆಗದ ಮಾತಲ್ಲ. 13ರಿಂದ 15ರ ನಡುವೆ ಸಿಕ್ಕಿಕೊಂಡವರಿಗೆ ಒಂದೇ ಅಳತೆ ಸಾಲದು. ಕೋಣೆ ಎಷ್ಟಿದೆ ನೋಡುತ್ತಾರೆ: 55 ಮಿ.ಮೀ. ದಾಟಿದ್ದರೆ ಬಹುತೇಕ ತರಬೇತಿಯ ಫಲ, 45ಕ್ಕಿಂತ ಕಡಿಮೆಯಿದ್ದರೆ ಕಾಯಿಲೆಯ ಅನುಮಾನ. ಬಡಿತದ ನಡುವೆ ಗೋಡೆ ಸರಿಯಾಗಿ ಸಡಿಲಾಗುತ್ತದೆಯೇ ನೋಡುತ್ತಾರೆ. ಎಂಆರ್‌ಐ ಮಾಡಿಸಬಹುದು. ಅದಕ್ಕೂ ಬಗೆಹರಿಯದಿದ್ದರೆ ಮೂರು ತಿಂಗಳು ಓಟ ನಿಲ್ಲಿಸಿ ಮತ್ತೆ ಅಳೆಯುತ್ತಾರೆ. ತರಬೇತಿಯ ದಪ್ಪ ಇಳಿಯುತ್ತದೆ, ಕಾಯಿಲೆಯದು ಇಳಿಯುವುದಿಲ್ಲ. ಮೀಟ್ ಕಣ್ಣೆದುರಿಗಿದ್ದಾಗ ಈ ಮೂರು ತಿಂಗಳು ಎಷ್ಟು ಭಾರ ಅನ್ನೋದು ಓಡುವವರಿಗೇ ಗೊತ್ತು.

ನಮ್ಮ ಮೆಷಿನ್‌ದು ಸುಳ್ಳಲ್ಲ, ಪಾಪ. ಅದಕ್ಕೆ ಬರೆದಿದ್ದ ನಿಯಮ ಸಾಮಾನ್ಯ ಜನರದ್ದು. 2017ರಲ್ಲಿ ಕ್ರೀಡಾಪಟುಗಳ ಇಸಿಜಿ ಓದಲೆಂದೇ ಅಂತರರಾಷ್ಟ್ರೀಯ ಮಾನದಂಡ ಬಂದಿದೆ. ರೋಗಲಕ್ಷಣ, ಕುಟುಂಬದ ಹಿನ್ನೆಲೆ ಇಲ್ಲದಿದ್ದರೆ ನಿಧಾನ ಬಡಿತ, ಬರೀ ಎತ್ತರದ ಅಲೆಗಳು ಅದರಲ್ಲಿ ಸಹಜದ ಪಟ್ಟಿಗೆ ಸೇರುತ್ತವೆ. ಎಡ ಪಕ್ಕದ ಲೀಡ್‌ಗಳಲ್ಲಿ ಟಿ ಅಲೆ ತಲೆಕೆಳಗಾಗಿದ್ದರೆ ಮಾತ್ರ ‘ಓಟದಿಂದ ಇರಬೇಕು ಬಿಡು’ ಅನ್ನುವ ಹಾಗಿಲ್ಲ.

ಎಲ್ಲರಿಗೂ ಇಸಿಜಿ ಕಡ್ಡಾಯ ಮಾಡಬೇಕೇ ಎಂಬ ಜಗಳ ಇನ್ನೂ ಮುಗಿದಿಲ್ಲ. ಇಟಲಿ 1982ರಿಂದ ಕಡ್ಡಾಯ ಮಾಡಿದ ಮೇಲೆ ಅಲ್ಲಿನ ವೆನೆಟೊ ಪ್ರಾಂತ್ಯದಲ್ಲಿ ಕ್ರೀಡಾಪಟುಗಳ ಹಠಾತ್ ಸಾವು ಬಹಳ ಇಳಿಯಿತು. ಇಸ್ರೇಲ್‌ನಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಅದೇ ಇಟಲಿಯ ಕ್ಲಬ್ಬಿಗೆ ಆಡುತ್ತಿದ್ದ ಕ್ರಿಸ್ಟಿಯನ್ ಎರಿಕ್ಸನ್ 2021ರಲ್ಲಿ ಕೋಪನ್‌ಹೇಗನ್ ಮೈದಾನದಲ್ಲಿ ಬಿದ್ದಾಗ ಉಳಿಸಿದ್ದು ಅಲ್ಲೇ ಕೊಟ್ಟ ಸಿಪಿಆರ್ ಮತ್ತು ಡಿಫಿಬ್ರಿಲೇಟರಿನ ಶಾಕ್.

ನಮ್ಮ ಗೆಳೆಯನನ್ನು ಡಾಕ್ಟರು ಎಕೋಗೆ ಕಳಿಸುವ ಮೊದಲು ಕೇಳಿದ್ದು ಎರಡೇ. ಓಡುತ್ತಿರುವಾಗ ಯಾವತ್ತಾದರೂ ಪ್ರಜ್ಞೆ ತಪ್ಪಿದ್ದು, ಎದೆ ನೋವು ಬಂದದ್ದು ಇದೆಯಾ? ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಯಾರಾದರೂ ಇದ್ದಕ್ಕಿದ್ದಂತೆ ಹೋಗಿದ್ದಾರಾ? ಮೊದಲನೆಯದಕ್ಕೆ ‘ಹೌದು’ ಅಂದವರು ತಪಾಸಣೆ ಮುಗಿಯುವ ತನಕ ಟ್ರ್ಯಾಕ್ ಹತ್ತಲೇಬಾರದು ಅಂತ ಅವರು ನಮ್ಮ ಕಡೆಗೂ ತಿರುಗಿ ಹೇಳಿದರು. ಎರಡನೆಯದಕ್ಕೆ ಅವನಿಗೆ ಉತ್ತರ ಗೊತ್ತಿರಲಿಲ್ಲ. ಅಮ್ಮನಿಗೆ ಫೋನ್ ಮಾಡಲೇಬೇಕಾಯಿತು. ಅವನು ಹುಟ್ಟುವ ಮೊದಲೇ ತೀರಿಹೋದ ಸೋದರಮಾವ ಒಬ್ಬರಿದ್ದರು. ಅವರಿಗೆ ಏನಾಗಿತ್ತು ಅಂತ ಕೇಳಿದ. ಲಾರಿ ಗುದ್ದಿದ್ದು ಅಂದರು ಅಮ್ಮ. ಆಮೇಲೆ ಅರ್ಧ ಗಂಟೆ, ಮೊದಲೇ ಯಾಕೆ ಹೇಳಲಿಲ್ಲ ಅಂತ ಬೈದರು.

ಎಕೋ ರಿಪೋರ್ಟ್: ಗೋಡೆ 10 ಮಿ.ಮೀ., ಕೋಣೆ 57. ಮೀಟ್‌ನಲ್ಲಿ 5000 ಮೀಟರ್ ಓಡಿ ನಾಲ್ಕನೆಯವನಾಗಿ ಬಂದ. ಆ ಎರಡು ದಿನ ಊಟ ಬಿಟ್ಟಿದ್ದಕ್ಕೇ ಪದಕ ತಪ್ಪಿತು ಅಂತ ಈಗಲೂ ವಾದಿಸುತ್ತಾನೆ.