ಬೀದಿಯ ಮೂಲೆಯ ಕಸ

ಅಂಗಡಿಯ ಕಸ ಯಾವುದು, ಗೃಹಸ್ಥನ ಕಸ ಯಾವುದು ಎಂಬ ಭೇದವು ಬೀದಿಯ ಮೂಲೆಯಲ್ಲಿ ಅಳಿದುಹೋಗುವುದು. ಯಲಹಂಕದ ನಮ್ಮ ಬೀದಿಯಲ್ಲಿಯೂ ಅಂತಹ ರಾಶಿಯೊಂದಿದ್ದಿತು. ಎಲ್ಲರದೂ ಆದ ಅದಕ್ಕೆ ಒಡೆಯನೇ ಇರಲಿಲ್ಲ. ಒಂದು ದಿನ ಅಲ್ಲಿ ಹಸುವೊಂದು ಎಳೆದಾಡುತ್ತಿದ್ದ ಪ್ಲಾಸ್ಟಿಕ್ ಚೀಲದಿಂದ ಹಾಳೆಯೊಂದು ಹೊರಬಿದ್ದಿತು. ನೋಡಿದರೆ, ನಮ್ಮ ಮೊಮ್ಮಗನು ಬರೆದ ರಾಮಶಬ್ದ. ನಾವೇ ಕೆಂಪು ಮಸಿಯಲ್ಲಿ ತಿದ್ದಿದುದು, ಈಗ ಸಾರಿನಲ್ಲಿ ನೆನೆದಿತ್ತು. ಅಂದಿನವರೆಗೆ ನಾವು ಅಂಗಡಿಯವರನ್ನೇ ದೂರುತ್ತಿದ್ದೆವು!

ಇಂತಹ ಮೂಲೆಗಳ ಕಸವು ಹಿಂದೆ ಎಲ್ಲಿಗೆ ಹೋಗುತ್ತಿದ್ದಿತೆಂಬುದನ್ನು ವಾಚಕರು ಬಲ್ಲರಷ್ಟೆ? ಯಲಹಂಕಕ್ಕೆ ಸಮೀಪದ ಮಾವಳ್ಳಿಪುರಕ್ಕೆ ಲಾರಿಗಟ್ಟಲೆ ಸಾಗುತ್ತಿದ್ದಿತು. ಹಸಿಯದೂ ಒಣದೂ ಕೂಡಿ ಕೊಳೆತು, ಅದರಿಂದ ಇಳಿದ ಕಪ್ಪು ರಸವು ಗ್ರಾಮಸ್ಥರ ನೀರನ್ನು ಕೆಡಿಸಿತು. ಅವರು ಪ್ರತಿಭಟಿಸಿದರು, 2012ರಲ್ಲಿ ಅಲ್ಲಿ ಸುರಿಯುವುದು ನಿಂತಿತು. ಆಗ ನಗರದ ಬೀದಿಗಳಲ್ಲಿಯೇ ಕಸವು ಗುಡ್ಡೆಯಾಯಿತು. ಪರರ ಊರಿನ ದುರ್ಗಂಧವು ನಮ್ಮ ಬಾಗಿಲಿಗೆ ಬಂದಾಗಲೇ ನಮಗೆ ಎಚ್ಚರವಾದುದು. ಮನೆಯಲ್ಲಿಯೇ ವಿಂಗಡಿಸತಕ್ಕದ್ದೆಂದು ಹೈಕೋರ್ಟು ವಿಧಿಸಿತು. 2015ರ ಡಿಸೆಂಬರಿನಲ್ಲಿ ಕ್ರಮವೂ ಗೊತ್ತಾಯಿತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಡಯಪರು ಮೊದಲಾದುವಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ.

ವಾರ್ಡುಗಳಲ್ಲಿ ತೆರೆದ ಒಣಕಸ ಸಂಗ್ರಹ ಕೇಂದ್ರವೂ ಅಂಗಡಿ ಮನೆಗಳೆರಡಕ್ಕೂ ಸಾಮಾನ್ಯವಾದ ಸ್ಥಳವೇ ಸರಿ. ಆದರೆ ಅಲ್ಲಿ ಬಂದುದನ್ನು ಕೈಯಿಂದ ಆಯುವವರು ಕುಳಿತಿರುತ್ತಾರೆ. ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ ಅವರಲ್ಲಿ ಹಲವರು. ಒಣಗಿದ ಕಾಗದವು ಅವರಿಗೆ ಅನ್ನ. ಸಾರಿನಲ್ಲಿ ನೆನೆದುದು ಬರಿಯ ಹೊಲಸು. ಈಚೆಗೆ ಮೊಮ್ಮಗನ ಹಾಳೆಗಳನ್ನು ನಾವೇ ದಾರ ಕಟ್ಟಿ ಚೀಲದಲ್ಲಿಡುತ್ತೇವೆ. ರಾಮಶಬ್ದದಲ್ಲಿ ಅವನು ಈಗಲೂ ತಪ್ಪುತ್ತಾನೆ.