ಟ್ಯಾಂಕ್ ತುಂಬಿದರೆ ದೀಪ ಹತ್ತಬೇಕು: ಬ್ರೌಸರಿನಲ್ಲೇ ಮೊದಲ ಸರ್ಕ್ಯೂಟ್ ಬಿಡಿಸೋಣ

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಕೊಳವೆಬಾವಿಯೇ ಗತಿ. ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಇಲ್ಲಿನ ಕೆರೆಗೆ ಬಿಡುತ್ತಾರೆ. ಇಂಥ ಕಡೆಯೂ ಮೋಟಾರ್ ಆಫ್ ಮಾಡೋದು ಮರೆತು ಟ್ಯಾಂಕ್ ತುಂಬಿ ಹರಿಯುತ್ತೆ. ಅದನ್ನು ತಡೆಯೋ ಅಲಾರಂ ಅಂಗಡಿಯಲ್ಲಿ ಸಿಗುತ್ತೆ, ಕೆಟ್ಟರೆ ಎಸೆಯುತ್ತೇವೆ. ಆದರೆ ಅದರ ಸರಳ ರೂಪಕ್ಕೆ ಬೇಕಾಗೋದು ಬೆರಳೆಣಿಕೆಯಷ್ಟು ಬಿಡಿಭಾಗ.

ಎಂಜಿನಿಯರಿಂಗ್ ಓದುವಾಗ ನನಗೆ ಸರ್ಕ್ಯೂಟ್ ಅಂದ್ರೆ ಬೋರ್ಡಿನಿಂದ ರೆಕಾರ್ಡ್ ಬುಕ್ಕಿಗೆ ಇಳಿಸೋ ಚಿತ್ರ. ಈ ರೆಸಿಸ್ಟರ್ ಯಾಕೆ 470 ಓಮ್, 4700 ಯಾಕಲ್ಲ ಅಂತ ನಾನು ಕೇಳಲೇ ಇಲ್ಲ. ಇವತ್ತು ಆ ಪ್ರಶ್ನೆ ಕೇಳೋಕೆ ಲ್ಯಾಬ್ ಬೇಡ, ಬ್ರೌಸರ್ ಸಾಕು.

ಶುರು ಹೀಗೆ

ಫಾಲ್‌ಸ್ಟಾಡ್ ಸರ್ಕ್ಯೂಟ್ ಸಿಮ್ಯುಲೇಟರ್ ಅಂತ ಹುಡುಕಿ. ಖಾತೆ ಬೇಡ, ದುಡ್ಡು ಬೇಡ. ಫೋನಿಗಿಂತ ಲ್ಯಾಪ್‌ಟಾಪಿನಲ್ಲಿ ಸಲೀಸು. ಮೆನುವಿನಿಂದ ಖಾಲಿ ಸರ್ಕ್ಯೂಟ್ ತೆಗೆದುಕೊಂಡು, 'ಡ್ರಾ' ಮೆನುವಿನಿಂದ ಒಂದೊಂದೇ ಭಾಗ ಎಳೆದು ಬಿಡಿಸಿ. ಭಾಗದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅದರ ಮೌಲ್ಯ ಬದಲಿಸಬಹುದು.

ಬೇಕಾಗಿರೋದು: 9 ವೋಲ್ಟ್ ಮೂಲ, ಒಂದು ಎನ್‌ಪಿಎನ್ ಟ್ರಾನ್ಸಿಸ್ಟರ್, ಎಲ್‌ಇಡಿ, 470 ಓಮ್ ರೆಸಿಸ್ಟರ್, 50 ಕಿಲೋಓಮ್ ರೆಸಿಸ್ಟರ್, ಒಂದು ಸ್ವಿಚ್. ಕೊನೆಯ ಎರಡು ಸೇರಿ ನಮ್ಮ 'ನೀರು'. ಪ್ಲಸ್ಸಿನಿಂದ 470 ಓಮ್, ಎಲ್‌ಇಡಿ ದಾಟಿ ಕಲೆಕ್ಟರಿಗೆ ಒಂದು ದಾರಿ. ಪ್ಲಸ್ಸಿನಿಂದಲೇ ಸ್ವಿಚ್, 50 ಕಿಲೋಓಮ್ ದಾಟಿ ಬೇಸಿಗೆ ಇನ್ನೊಂದು ದಾರಿ. ಎಮಿಟರ್ ಮೈನಸ್ಸಿಗೆ.

ಬಿಡಿಸುವಾಗ ಮೂರು ರೂಢಿ ನೆನಪಿರಲಿ. ಪ್ಲಸ್ ಮೇಲೆ, ಮೈನಸ್ ಕೆಳಗೆ. ಸಿಗ್ನಲ್ ಎಡದಿಂದ ಬಲಕ್ಕೆ. ತಂತಿಗಳು ಕೂಡುವಲ್ಲಿ ಚುಕ್ಕಿ. ಚುಕ್ಕಿ ಇಲ್ಲದಿದ್ದರೆ ಅವು ಸುಮ್ಮನೆ ದಾಟಿಹೋಗುತ್ತಿವೆ ಅಂತ ಅರ್ಥ.

ಸ್ವಿಚ್ ಒತ್ತಿ. ತಂತಿಯಲ್ಲಿ ಹಳದಿ ಚುಕ್ಕಿಗಳು ಓಡುತ್ತವೆ, ಅದೇ ಕರೆಂಟ್. ಬೇಸಿಗೆ ಹೋಗೋದು ಬರೀ 0.16 ಮಿಲಿಆಂಪಿಯರ್, ಎಲ್‌ಇಡಿ ಹತ್ತೋಕೆ ಅದು ಸಾಲದು. ಆದರೆ ಟ್ರಾನ್ಸಿಸ್ಟರಿನ ಗೇನ್ 100 ಇದ್ದರೆ ಕಲೆಕ್ಟರಿನಲ್ಲಿ ಅದರ ನೂರು ಪಟ್ಟು ಹರಿಯಬಲ್ಲದು. 470 ಓಮ್ ಅದನ್ನು ಸುಮಾರು 15ಕ್ಕೆ ತಡೆಯುತ್ತೆ. ಈಗ 50 ಅನ್ನು 500 ಕಿಲೋಓಮ್ ಮಾಡಿ. ದೀಪ ಮಂಕಾಗುತ್ತೆ. ಲವಣ ಹೆಚ್ಚಿರುವ ಕೊಳವೆಬಾವಿ ನೀರು ಕರೆಂಟನ್ನು ಚೆನ್ನಾಗಿ ಹರಿಸುತ್ತೆ, ಮಳೆನೀರು ಅಷ್ಟು ಹರಿಸಲ್ಲ. ನಿಮ್ಮ ಟ್ಯಾಂಕಿನ ನೀರು ಎಂಥದು ಅಂತ ಸಿಮ್ಯುಲೇಟರಿಗೆ ಗೊತ್ತಿಲ್ಲ, ಅದನ್ನು ನೀವೇ ಅಳೆಯಬೇಕು.

ನಿಜವಾಗಿ ಕಟ್ಟುವಾಗ ಬ್ಯಾಟರಿಯನ್ನೇ ಬಳಸಿ, ಮೋಟಾರಿನ ಲೈನಿಗೆ ಕೈ ಹಾಕಬೇಡಿ. ಬೇಸಿಗೆ 1 ಕಿಲೋಓಮ್ ಸೇರಿಸಿ. ನೀರಿನೊಳಗಿನ ಎರಡು ತಂತಿ ಒಂದಕ್ಕೊಂದು ತಗುಲಿದರೂ ಟ್ರಾನ್ಸಿಸ್ಟರ್ ಸುಡಲ್ಲ. ಆ ತಂತಿಗಳು ಕಾಲಕ್ರಮೇಣ ಸವೆಯುತ್ತವೆ, ಬದಲಿಸುತ್ತಿರಬೇಕು.

ಚಿತ್ರ ಯಾರದ್ದು?

ಕೆಲವು ಸೈಟುಗಳು ಖಾತೆ ತೆರೆಸಿ ನಿಮ್ಮ ಚಿತ್ರವನ್ನು ತಮ್ಮ ಸರ್ವರಿನಲ್ಲಿ ಇಟ್ಟುಕೊಳ್ಳುತ್ತವೆ. ನಾಳೆ ಶುಲ್ಕ ಹಾಕಿದರೆ ಅಥವಾ ಬಾಗಿಲು ಮುಚ್ಚಿದರೆ ನಿಮ್ಮ ಕೆಲಸ ಅವರ ಕೈಯಲ್ಲಿ. ಫಾಲ್‌ಸ್ಟಾಡ್ ಮುಕ್ತ ತಂತ್ರಾಂಶ. ಚಿತ್ರವನ್ನು ಪಠ್ಯವಾಗಿ ಹೊರತೆಗೆದು ನಿಮ್ಮಲ್ಲೇ ಇಟ್ಟುಕೊಳ್ಳಬಹುದು. ಐಐಟಿ ಬಾಂಬೆಯ ಫಾಸೀ ತಂಡದ ಇ-ಸಿಮ್ ಕೂಡ ಮುಕ್ತ, ಅದು ನಮ್ಮ ತೆರಿಗೆ ದುಡ್ಡಿನದು. ಪಿಸಿಬಿ ಮಾಡೋ ಹಂತಕ್ಕೆ ಬಂದಾಗ ಕಂಪ್ಯೂಟರಿಗೆ ಕಿಕ್ಯಾಡ್ ಹಾಕಿಕೊಳ್ಳಿ.

'ದುರಸ್ತಿಯ ಹಕ್ಕು' ಕುರಿತು ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಸಮಿತಿ ಮಾಡಿತು. ಕೃಷಿ ಉಪಕರಣಗಳೂ ಅದರ ವ್ಯಾಪ್ತಿಯಲ್ಲಿವೆ. ಕಂಪನಿಗಳು ಸರ್ಕ್ಯೂಟ್ ಚಿತ್ರ ಕೊಡಬೇಕು ಅಂತ ನಾವು ಒತ್ತಾಯಿಸಲೇಬೇಕು. ಆದರೆ ಕೊಟ್ಟ ದಿನ ಅದನ್ನು ಓದೋರು ಶಿಡ್ಲಘಟ್ಟದ ರೀಲಿಂಗ್ ಘಟಕದಲ್ಲಿ, ಚಿಂತಾಮಣಿಯ ಪಂಪ್ ರಿಪೇರಿ ಅಂಗಡಿಯಲ್ಲಿ ಇರಬೇಕಲ್ಲ?

ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಅಂತ ಜೀವನಪೂರ್ತಿ ಹೇಳಿದ ಭೌತವಿಜ್ಞಾನಿ ಎಚ್. ನರಸಿಂಹಯ್ಯ ಹುಟ್ಟಿದ್ದು ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಅವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದರು. ಮುಚ್ಚಿದ ಡಬ್ಬಿಯೊಳಗಿನ ಯಂತ್ರವೂ ನಮಗೆ ಒಂಥರಾ ಪವಾಡವೇ ಆಗಿಬಿಟ್ಟಿದೆ. ಇವತ್ತು ರಾತ್ರಿ ಅರ್ಧ ಗಂಟೆ ಕೂತು ಆ 470 ಅನ್ನು 4700 ಮಾಡಿ ನೋಡಿ. ಏನಾಯಿತು, ಯಾಕಾಯಿತು ಅಂತ ಪಕ್ಕದವರಿಗೆ ವಿವರಿಸೋಕೆ ಬಂದರೆ ಶುರುವಾಯಿತು ಅಂತ ಲೆಕ್ಕ.